ಕರಡಿಯ ಎಡ ಭುಜ

ನನ್ನ ತಂಗಿಯ ತಲೆಗೆ ಒಂದು ವಿಷಯ ಹೊಕ್ಕರೆ ಮುಗಿಯಿತು, ಅದು ಹೊರಗೆ ಬರುವಷ್ಟರಲ್ಲಿ ಮನೆಮಂದಿಯೆಲ್ಲ ಸುಸ್ತು. ಮಗಳ ಎರಡನೇ ಹುಟ್ಟುಹಬ್ಬಕ್ಕೆ ಥೀಮ್ ಬೇಕೇ ಬೇಕು ಎಂದು ಹಟ ಹಿಡಿದಾಗ, ನಾನು ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, ಆ ಕೂಸಿಗೆ ಕೇಕಿನ ಕೆನೆ ಮೂಗಿಗೆ ಮೆತ್ತಿಕೊಳ್ಳುವುದೇ ದೊಡ್ಡ ಥೀಮು ಎಂದೆ. ಅವಳು ನಗಲಿಲ್ಲ. ನಾನು ಹೊಲಿಯುತ್ತಿದ್ದ ಬಟ್ಟೆಯ ಮೇಲೇ ಫೋನ್ ಇಟ್ಟು ಚಿತ್ರ ತೋರಿಸಿದಳು. ಹಾಲ್ ತುಂಬ ಕಾಗದದ ಮರಗಳು, ಕರಡಿ ವೇಷದ ಪುಟಾಣಿಗಳು, ನಡುವೆ ಆಳೆತ್ತರದ ಒಂದು ದೊಡ್ಡ ಕರಡಿ.

ಕರಡಿಯೇ ಏಕೆಂದರೆ, ನಮ್ಮ ಗುಂಡಿ ಬಟ್ಟೆಯ ಕರಡಿಯೊಂದರ ಕಿವಿ ಹಿಡಿಯದೆ ಮಲಗುವುದಿಲ್ಲ. ಅಂಗಿಯ ಗುಂಡಿಯ ಹಾಗೆ ದುಂಡು ಮುಖ ಎಂದು ಗುಂಡಿ ಅನ್ನುವ ಹೆಸರನ್ನು ನಾನೇ ಇಟ್ಟದ್ದು. ಆ ಬಟ್ಟೆಯ ಕರಡಿಯನ್ನು ತಂದುಕೊಟ್ಟವನು ಅವಳಪ್ಪ. ಎಸೆಯೋಣವೆಂದು ತಂಗಿ ಎಷ್ಟೋ ಸಲ ನೋಡಿದಳು, ಕೂಸು ಸೂರು ಹಾರಿಹೋಗುವ ಹಾಗೆ ಅತ್ತಿತು.

ಅಪ್ಪನ ಮಾತು ಬಂದಮೇಲೆ ಹೇಳಿಯೇಬಿಡುತ್ತೇನೆ. ತಂಗಿ ಅವನಿಂದ ಬೇರೆಯಾಗಿ ಒಂದು ವರ್ಷವಾಗುತ್ತ ಬಂದಿತ್ತು. ಒಮ್ಮೆ ಪಾರ್ಕಿನಲ್ಲಿ ಆಡಿಸುತ್ತೇನೆಂದು ಕೂಸನ್ನು ಎತ್ತಿಕೊಂಡು ಹೋದವನು ಎರಡು ದಿನ ಪತ್ತೆಯಿರಲಿಲ್ಲ. ಕೂಸಿಗೆ ಜ್ವರ ಬಂದದ್ದರಿಂದ ವಾಪಸು ತಂದ. ಬಾಗಿಲಲ್ಲಿ ನಿಂತು, ದನಿ ಎತ್ತರಿಸದೆ, ತಂಗಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಮುಂದಿನ ಸಲ ಜ್ವರ ಬಂದ್ರೂ ತರಲ್ಲ."

ಆಮೇಲೆ ಕೋರ್ಟು ಅವನಿಗೆ ಕಚೇರಿಯ ಕೋಣೆಯೊಂದರಲ್ಲಿ, ಅಧಿಕಾರಿಯ ಎದುರಿಗೆ ಮಾತ್ರ ಮಗಳನ್ನು ನೋಡಬಹುದು ಎಂದಿತು. ಅವನು ಒಂದು ಸಲವೂ ಹೋಗಲಿಲ್ಲ. ತಂಗಿ ಅದನ್ನೇ ಒಳ್ಳೆಯದೆಂದುಕೊಂಡಳು, ಪೀಡೆ ತೊಲಗಿತು ಎಂದಳು. ನನಗೆ ಮಾತ್ರ ಹಾಗನ್ನಿಸಲಿಲ್ಲ. ಕೇಳಿ ಪಡೆಯುವುದನ್ನು ಬಿಟ್ಟವನು ಬೇರೆ ಏನನ್ನೋ ಯೋಚಿಸುತ್ತಿರುತ್ತಾನೆ.

ಅದಕ್ಕೇ ಈ ಪಾರ್ಟಿಯೇ ಬೇಡ, ಮನೆಯಲ್ಲೇ ಕೇಕು ಕತ್ತರಿಸೋಣ ಎಂದು ಗೋಗರೆದೆ. ತಂಗಿ ಕೇಳಬೇಕಲ್ಲ. ಅವನಿಗೆ ಹೆದರಿ ನನ್ನ ಮಗಳು ಕತ್ತಲಲ್ಲಿ ಬೆಳೀಬೇಕಾ ಎಂದು ನನ್ನ ಮೇಲೇ ಹರಿಹಾಯ್ದಳು. ಪಾರ್ಟಿ ಹಾಲ್‌ನ ಗೇಟಿನ ಕಾವಲುಗಾರನಿಗೆ ಅವನ ಫೋಟೋ ಕೊಟ್ಟಿದ್ದೇನೆ, ಮುಖ ನೋಡಿದ ಕೂಡಲೇ ಹೊರಗೆ ಹಾಕುತ್ತಾನೆ ಎಂದು ಸಮಾಧಾನ ಹೇಳಿದಳು. ಸರಿ, ಹಾಳಾಗಿಹೋಗಲಿ ಎಂದು ನಾನು ಕಂದು ಬಣ್ಣದ ತುಪ್ಪಳ ಬಟ್ಟೆ ತರಿಸಿ ಮಕ್ಕಳ ವೇಷಗಳಿಗೆ ಕತ್ತರಿ ಹಾಕಿದೆ.

ದೊಡ್ಡ ಕರಡಿಯ ಜವಾಬ್ದಾರಿ ಅಲಂಕಾರದ ಗುತ್ತಿಗೆದಾರನದು, ಅದರ ವೇಷ ಹೊಲಿಯುವುದು ಮಾತ್ರ ನನ್ನದು. ಬಲೂನಿನಲ್ಲಿರುವುದಕ್ಕಿಂತ ಹೆಚ್ಚು ಗಾಳಿ ಅವನ ಮಾತಿನಲ್ಲಿರುತ್ತಿದ್ದುದರಿಂದ ನಾವು ಅವನನ್ನು ಬಲೂನಣ್ಣ ಎನ್ನುತ್ತಿದ್ದೆವು. ಒಂದು ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಗೆ ಬಂದು, ಅದೃಷ್ಟ ನೋಡಿ ಮೇಡಂ, ವೇಷ ಹಾಕಿಕೊಳ್ಳುವ ಹೊಸ ಆಳು ತಾನಾಗಿಯೇ ಹುಡುಕಿಕೊಂಡು ಬಂದ, ಮಕ್ಕಳೆಂದರೆ ಪ್ರಾಣವಂತೆ ಎಂದು ಕೊಚ್ಚಿಕೊಂಡ. ಅಳತೆಗೆ ಆಳನ್ನೇ ಕಳಿಸು ಎಂದರೆ, ಅವನಿಗೆ ಪುರುಸೊತ್ತಿಲ್ಲವಂತೆ ಎಂದು ಒಂದು ಹಳೇ ಅಂಗಿ ಚಾಚಿದ. ನಮ್ಮ ಕೆಲಸದಲ್ಲಿ ಇದು ಹೊಸದೇನಲ್ಲ. ಅರ್ಧಕ್ಕರ್ಧ ಗಿರಾಕಿಗಳ ಮುಖವನ್ನೇ ನಾನು ನೋಡಿಲ್ಲ, ಅವರ ಅಳತೆ ಅಂಗಿ ಸಾಕು.

ಆ ಅಂಗಿಯನ್ನು ಮೇಜಿನ ಮೇಲೆ ಹರಡಿದೆ. ಎಡ ಭುಜದ ಹೊಲಿಗೆಯನ್ನು ಯಾರೋ ಬಿಚ್ಚಿ, ಒಂದು ಬೆರಳಿನಷ್ಟು ಇಳಿಸಿ ಮತ್ತೆ ಹಾಕಿದ್ದರು. ಮೂಟೆ ಹೊರುವವನಿರಬೇಕು ಪಾಪ ಎಂದುಕೊಂಡೆ. ಆದರೆ ಕೈ ಸ್ವಲ್ಪ ಹೊತ್ತು ಆ ಭುಜದ ಮೇಲೇ ನಿಂತಿತು. ಏನೋ ನೆನಪಾಗಬೇಕು, ಆಗುತ್ತಿಲ್ಲ. ಅಷ್ಟರಲ್ಲಿ ತಂಗಿ ಬಂದು ಕರಡಿಯ ಪಂಜವನ್ನು ತೋಳಿಗೇ ಸೇರಿಸಿ ಹೊಲಿ, ಬೆರಳು ಬೇಡ, ಮಕ್ಕಳು ಎಳೆದಾಗ ಕಳಚಿ ಮನುಷ್ಯನ ಕೈ ಕಂಡರೆ ಹೆದರುತ್ತಾರೆ ಎಂದು ತಲೆ ತಿನ್ನತೊಡಗಿದಳು. ತಲೆಯೂ ಕಳಚಬಾರದಂತೆ. ಆಗಲಿ ಮಾರಾಯ್ತಿ ಎಂದು ಪಂಜ ಸೇರಿಸಿ ಹೊಲಿದೆ, ತಲೆಗೆ ಕತ್ತಿನ ಹಿಂದೆ ಕೊಕ್ಕೆ ಹಾಕಿದೆ, ಜಿಪ್ಪನ್ನು ಬೆನ್ನಿಗೆ ಇಟ್ಟೆ. ಒಳಗೆ ಹೋದವನು ಇನ್ನೊಬ್ಬರು ಬಿಚ್ಚದೆ ಹೊರಗೆ ಬರುವ ಹಾಗಿರಲಿಲ್ಲ.

ಪಾರ್ಟಿಯ ದಿನ ಹಾಲ್ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಕಾಗದದ ಮರ, ಹಸಿರು ಬಲೂನು, ಜೇನುಗೂಡಿನ ಆಕಾರದ ಕೇಕು. ಗೇಟಿನಲ್ಲಿ ಕಾವಲುಗಾರ ಬಂದವರ ಮುಖವನ್ನೂ ಕೈಯಲ್ಲಿದ್ದ ಫೋಟೋವನ್ನೂ ನೋಡಿ ನೋಡಿ ಒಳಗೆ ಬಿಡುತ್ತಿದ್ದ. ಕರಡಿ ಬಂದಾಗ ಸಲಾಮು ಹೊಡೆದ. ಬಲೂನಣ್ಣನ ಗಾಡಿಯಲ್ಲೇ ವೇಷ ತೊಟ್ಟು, ಬಲೂನಣ್ಣನಿಂದಲೇ ಜಿಪ್ ಎಳೆಸಿಕೊಂಡು ಬಂದಿತ್ತು ಕರಡಿ.

ಅದನ್ನು ಕಂಡದ್ದೇ ತಡ, ಅರ್ಧ ಮಕ್ಕಳು ಅಮ್ಮಂದಿರ ಸೆರಗಿನಲ್ಲಿ ಮುಖ ಹುದುಗಿಸಿ ಅಳತೊಡಗಿದವು. ಗುಂಡಿಯೂ ಓಡಿಬಂದು ನನ್ನ ಮಡಿಲು ಹತ್ತಿದಳು. ಕರಡಿ ದೂರದಲ್ಲೇ ಮಂಡಿಯೂರಿ ಕೂತಿತು. ಒಂದು ಪಂಜದಿಂದ ತನ್ನ ಕಿವಿ ಎಳೆದುಕೊಂಡಿತು, ಆಮೇಲೆ ಮೂಗಿನ ಮೇಲೆ ಮೆಲ್ಲಗೆ ತಟ್ಟಿತು, ಮತ್ತೆ ಕಿವಿ, ಮತ್ತೆ ಮೂಗು. ಗುಂಡಿ ಅಳು ನಿಲ್ಲಿಸಿದಳು. ಮಡಿಲಿನಿಂದ ಇಳಿದು, ತಪ್ಪು ಹೆಜ್ಜೆ ಹಾಕುತ್ತ ಹೋಗಿ ಕರಡಿಯ ಕಿವಿ ಹಿಡಿದುಕೊಂಡಳು. ನೆಂಟರೆಲ್ಲ ಅಯ್ಯೋ ಮುದ್ದೇ ಎಂದು ಚಪ್ಪಾಳೆ ತಟ್ಟಿದರು. ತಂಗಿಯ ಕಣ್ಣು ತುಂಬಿ ಬಂದಿತ್ತು, ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದಳು.

ಯಾವುದೋ ಮಗುವಿನ ವೇಷದ ಟೋಪಿ ಹರಿದಿತ್ತು. ಸೂಜಿ ದಾರ ತೆಗೆದು ಹೊಲಿಯುತ್ತ ಕೂತೆ. ತಲೆ ಎತ್ತಿದಾಗ ಕರಡಿ ಗುಂಡಿಯನ್ನು ಎತ್ತಿಕೊಂಡು ಬಾಗಿಲಿನ ಕಡೆ ನಡೆಯುತ್ತಿತ್ತು. ದೊಡ್ಡ ಕರಡಿಯ ಹೆಗಲಿಗೆ ಒರಗಿದ ಚಿಕ್ಕ ಕರಡಿ. ಎಲ್ಲರೂ ಟಾಟಾ ಮಾಡುತ್ತಿದ್ದರು, ಗುಂಡಿಯೂ ಮಾಡುತ್ತಿದ್ದಳು. ನಾನು ನೋಡಿದ್ದು ಕರಡಿಯ ಬೆನ್ನನ್ನು. ದಪ್ಪ ಬಟ್ಟೆ, ಅಳತೆ ಅಂಗಿಯ ಹಾಗೇ ನಾನು ಎಡ ಭುಜ ಇಳಿಸಿ ಹಾಕಿದ ಹೊಲಿಗೆ. ಎರಡೂ ಭುಜ ಸಮವಿರುವವರು ಯಾರು ತೊಟ್ಟಿದ್ದರೂ ಎಡಗಡೆ ನೆರಿಗೆ ಬೀಳಲೇಬೇಕಿತ್ತು. ಒಂದೂ ಇರಲಿಲ್ಲ.

ಆಗ ನೆನಪಾಯಿತು. ತಂಗಿಯ ಮದುವೆಗೆ ಗಂಡಿನ ಕೋಟು ಹೊಲಿದವಳು ನಾನೇ. ಅವನ ಎಡ ಭುಜ ಒಂದು ಬೆರಳು ಕೆಳಗೆ. ಯಾರಿಗೂ ಕಾಣದ ಹಾಗೆ ಒಳಗೆ ಹತ್ತಿ ಇಟ್ಟು ಸರಿಮಾಡಿಕೊಡಿ ಎಂದು ಅವನು ನಾಚಿಕೊಂಡು ಕೇಳಿದ್ದ. ನಾನು ಇಟ್ಟುಕೊಟ್ಟಿದ್ದೆ.

ಕೂಗಿದೆ. ಹಾಡಿನ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಕುರ್ಚಿ, ಮರ, ಬಲೂನು ಎಲ್ಲ ಬೀಳಿಸಿಕೊಂಡು ಓಡಿದೆ. ಜನ ಇದೂ ಆಟವೆಂದು ದಾರಿ ಬಿಟ್ಟು ನಕ್ಕರು. ಕಾವಲುಗಾರ ಕರಡಿಗೆ ಗೇಟು ತೆರೆದುಕೊಟ್ಟು ಮತ್ತೆ ಸಲಾಮು ಹೊಡೆಯುತ್ತಿದ್ದ, ಫೋಟೋ ಅವನ ಕೈಯಲ್ಲೇ ಇತ್ತು.

ಅವನು ರಸ್ತೆಯಂಚಿನಲ್ಲಿ ಕಾರಿನ ಪಕ್ಕ ನಿಂತಿದ್ದ. ಒಂದು ತೋಳಿನಲ್ಲಿ ಗುಂಡಿ. ಇನ್ನೊಂದು ಪಂಜದಿಂದ ಕಾರಿನ ಬಾಗಿಲು ತೆರೆಯಲು ಅದರ ಹಿಡಿಯನ್ನು ಉಜ್ಜುತ್ತಿದ್ದ. ಬೆರಳಿಲ್ಲದ ಪಂಜ ಜಾರುತ್ತಿತ್ತು. ಹಲ್ಲಿಂದ ಕಚ್ಚಿ ಕಿತ್ತುಕೊಳ್ಳೋಣವೆಂದರೆ ಬಾಯಿಯ ಮುಂದೆ ನಾನು ಹೊಲಿದ ಕರಡಿಯ ಮೂತಿ. ನನ್ನನ್ನು ಕಂಡು ನಿಧಾನಕ್ಕೆ ಬೆನ್ನು ತಿರುಗಿಸಿದ. ಕರಡಿಯ ಬಾಯಿಗೆ ಹಾಕಿದ್ದ ಬಲೆಬಟ್ಟೆಯ ಹಿಂದಿನಿಂದ ಉಸಿರಿನ ಸದ್ದು ಬರುತ್ತಿತ್ತು.

"ಅತ್ತಿಗೆ, ಜಿಪ್ ತೆಗೀರಿ."

"ಮೊದ್ಲು ಕೂಸನ್ನ ಕೊಡು."

"ಉಸಿರು ಕಟ್ತಿದೆ. ಕೂಸು ಕೆಳಗೆ ಬಿದ್ರೆ ನೀವೇ ಕಾರಣ. ತೆಗೀರಿ."

ಕೈ ಮುಂದೆ ಹೋಯಿತು, ಅಷ್ಟು ಹೆದರಿಸಿದ್ದ. ಹಾಗೇ ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಸುತ್ತಿ ಹಿಡಿದೆ. "ಆ ಜಿಪ್ ನಾನು ಸಾಯೋವರೆಗೂ ತೆಗೆಯಲ್ಲ. ನಿಂತ್ಕೋ ಹೀಗೇ. ಜನ ಬರ್ತಿದಾರೆ," ಎಂದೆ.

ನಿಜವಾಗಿಯೂ ಬರುತ್ತಿದ್ದರು. ತಂಗಿ ಎಲ್ಲರಿಗಿಂತ ಮುಂದೆ, ಚಪ್ಪಲಿಯಿಲ್ಲದ ಕಾಲಿನಲ್ಲಿ. ಅವನು ಒಂದು ಗಳಿಗೆ ಅವಳನ್ನೇ ನೋಡುತ್ತ ನಿಂತ. ಆಮೇಲೆ ಕರಡಿಯ ದೊಡ್ಡ ತಲೆಯನ್ನು ಗುಂಡಿಯ ಕಿವಿಯ ಹತ್ತಿರ ಬಗ್ಗಿಸಿ ಏನೋ ಹೇಳಿದ. ಹೇಳಿ ಮುಗಿಸಿ ಅವಳನ್ನು ನನ್ನ ತೋಳಿಗೆ ಇಟ್ಟ, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವಷ್ಟು ಹುಷಾರಾಗಿ. ಕಾರನ್ನು ಅಲ್ಲೇ ಬಿಟ್ಟು ರಸ್ತೆಯಲ್ಲಿ ನಡೆದುಹೋದ. ಕಾವಲುಗಾರನಿಗೆ ನಾನು ಹೇಳಿದ್ದು ತಲೆಗೆ ಹೋಗಿ ಅವನು ಓಡುವಷ್ಟರಲ್ಲಿ ಕರಡಿ ತಿರುವು ದಾಟಿತ್ತು. ದಾರಿಯುದ್ದಕ್ಕೂ ಜನ ನಿಂತು ಅದಕ್ಕೆ ಕೈಬೀಸಿದ್ದರು, ಒಬ್ಬರೂ ತಡೆದಿರಲಿಲ್ಲ. ತಿರುವಿನಾಚೆ ಅದು ಸಿಗಲಿಲ್ಲ.

ತಂಗಿ ಮಗಳನ್ನು ನನ್ನಿಂದ ಕಿತ್ತುಕೊಂಡು, ಹಾಕಿದ್ದ ವೇಷವನ್ನು ಪರಪರನೆ ಬಿಚ್ಚಿ, ಕೈಕಾಲು ತಡವಿ ನೋಡಿದಳು. ನಾನು ಗುಂಡಿಯ ಕೆನ್ನೆ ಹಿಡಿದು, ಕರಡಿ ಕಿವಿಯಲ್ಲಿ ಏನು ಹೇಳ್ತು ಕಂದ ಎಂದು ಕೇಳಿದೆ.

ಗುಂಡಿ ಖಾಲಿ ರಸ್ತೆಗೆ ಟಾಟಾ ಮಾಡುತ್ತಿದ್ದಳು.

"ಅಪ್ಪ ನಾಳೆ," ಎಂದಳು.

ಅವಳಿಗಿನ್ನೂ ಎರಡು ವರ್ಷ. ಇವತ್ತಲ್ಲದ ದಿನವೆಲ್ಲ ಅವಳಿಗೆ ನಾಳೆಯೇ.