ನಾಳೆ ಡಾಕ್ಟರು

“ಸ್ವಲ್ಪ ಸರೀರಿ ಸರ್, ನನ್ನ ಕಾಲು ಬೇಗ ಮಡಚಲ್ಲ,” ಎಂದು ಹಿಂದಿದ್ದ ಮುದುಕ ಭುಜ ಮುಟ್ಟಿದಾಗ, ಮಿಂಚು ಡಾಕ್ಟರು ಹಾರವನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದರು.

ಆಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಡುವೆ ಗೆಳೆಯನ ಶವದ ಪೆಟ್ಟಿಗೆ ಇಟ್ಟಿದ್ದರು. ಸಾಲು ಔಷಧದ ಕಿಟಕಿಯನ್ನೂ ದಾಟಿ ಮೆಟ್ಟಿಲಿನವರೆಗೆ ಹೋಗಿತ್ತು. ಇಷ್ಟು ಜನ ಬರುತ್ತಾರೆಂದು ಅವರು ಎಣಿಸಿರಲಿಲ್ಲ. ನನಗಾದರೆ ಎಷ್ಟು ಮಂದಿ ಬಂದಾರು ಎಂದು ಅಂದಾಜು ಹಾಕಿದರು, ಹಾಕಿ ನಾಚಿದರು.

“ಇವರು ಆರು ತಾಸು ನಿಂತು ಉಳಿಸಿದ ಕಾಲು ಸರ್ ಇದು,” ಎಂದು ಮುದುಕ ಮೊಣಕಾಲು ತಟ್ಟಿ ತೋರಿಸಿದ.

“ಆರು ತಾಸಾ?” ಮಿಂಚು ಡಾಕ್ಟರಿಗೆ ತಡೆಯಲಾಗಲಿಲ್ಲ. “ಅದು ಎರಡು ತಾಸಿನ ಕೆಲಸ.”

“ಹೌದು ಸರ್. ಮೊದಲ್ನೇ ಸಲ ನೀವು ಎರಡೇ ತಾಸಲ್ಲಿ ಮುಗಿಸಿದ್ರಿ. ರಕ್ತನಾಳ ಮತ್ತೆ ಕಟ್ಕೊಂಡ್ತಲ್ಲ, ಆಗ ಇವರ ಹತ್ರ ಬಂದೆ.”

ಮುದುಕನ ದನಿಯಲ್ಲಿ ಕೊಂಕಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

*

ಮೂವತ್ತು ವರ್ಷದ ಹಿಂದೆ ಇಬ್ಬರೂ ಒಂದೇ ದಿನ ಇಲ್ಲಿ ರಕ್ತನಾಳಗಳ ಸರ್ಜನ್ನರಾಗಿ ಸೇರಿದ್ದರು. ಒಬ್ಬರ ಸೂಜಿ ಓಡುವುದನ್ನು ನೋಡಿ ನರ್ಸುಗಳು ಮಿಂಚು ಎಂದು ಹೆಸರಿಟ್ಟರು. ಇನ್ನೊಬ್ಬರದು ನಿಧಾನ. ಒಂದೊಂದು ಹೊಲಿಗೆ ಹಾಕಿ ಅದನ್ನೇ ನೋಡುತ್ತ ನಿಲ್ಲುವ ಜಾತಿ.

ಎಳೆಯ ಸರ್ಜನ್ನರಿಗೆಂದೇ ಒಂದು ಸಂಶೋಧನಾ ನಿಧಿ ಇತ್ತು. ಅದು ಸಿಕ್ಕವರು ವಾರಕ್ಕೆರಡು ದಿನ ಕತ್ತರಿ ಕೆಳಗಿಟ್ಟು ಪ್ರಯೋಗಾಲಯದಲ್ಲಿ ಕೂರಬಹುದು. ಆ ದಿನಗಳಲ್ಲಿ ಅವರ ಬದಲು ಆಪರೇಷನ್ ಮಾಡುವವರ ಸಂಬಳ ನಿಧಿಯದ್ದು. ಇಬ್ಬರೂ ಅರ್ಜಿ ಹಾಕಿದರು. ಸಂದರ್ಶನದಲ್ಲಿ ಮಿಂಚು ಡಾಕ್ಟರು ತಾವು ಉಳಿಸಿದ ಕಾಲುಗಳ ಪಟ್ಟಿಯನ್ನೇ ಒಪ್ಪಿಸಿದರು. ಗೆಳೆಯ ಹೊರಗೆ ಬಂದು ಬೆವರು ಒರೆಸಿಕೊಂಡ.

“ಏನೋ ಹೇಳ್ದೆ?”

“ನಾನು ಹೊಲಿದ ನಾಳ ಎರಡು ವರ್ಷಕ್ಕೆ ಮತ್ತೆ ಮುಚ್ಕೊಳ್ಳುತ್ತೆ, ಯಾಕೆ ಅಂತ ನಂಗೊತ್ತಿಲ್ಲ ಅಂದೆ.”

“ಅಷ್ಟೇನಾ? ಕೆಟ್ಟೆ ಬಿಡು.”

ನಿಧಿ ಅವನಿಗೇ ಸಿಕ್ಕಿತು. ಆ ಸಂಜೆ ಮಿಂಚು ಡಾಕ್ಟರು ಬೆನ್ನು ತಟ್ಟಿ ನಕ್ಕರು. ಮನೆಗೆ ಹೋಗಿ ಊಟ ಮಾಡದೆ ಮಲಗಿದರು. ಮೂರು ವರ್ಷವಾದರೂ ಉತ್ತರ ಬರಲಿಲ್ಲ. ಎಲ್ಲಿಗೆ ಬಂತಪ್ಪ ನಿನ್ನ ನಾಳ ಎಂದು ಕೇಳಿದರೆ, “ನಾಳೆ ಗೊತ್ತಾಗುತ್ತೆ,” ಎನ್ನುತ್ತಿದ್ದ. ನಾಳದ ಡಾಕ್ಟರನ್ನು ನಾಳೆ ಡಾಕ್ಟರು ಮಾಡಿದ್ದು ಮಿಂಚು ಡಾಕ್ಟರೇ. ಹೆಸರು ಆಸ್ಪತ್ರೆಯ ತುಂಬ ಅಂಟಿಕೊಂಡಿತು. ಅದನ್ನು ಕೇಳಿದಾಗಲೆಲ್ಲ ಅವರಿಗೆ ಒಂದು ತುತ್ತು ಸಿಹಿ ತಿಂದಂತಾಗುತ್ತಿತ್ತು.

*

ಪೆಟ್ಟಿಗೆಯ ತಲೆಯ ಕಡೆ ಆ ಹುಡುಗಿ ನಿಂತಿದ್ದಳು. ನಾಳೆ ಡಾಕ್ಟರ ಶಿಷ್ಯೆ. ಈಗ ಅವಳೂ ಸರ್ಜನ್. ಅತ್ತು ಅತ್ತು ಮುಖ ಊದಿತ್ತು. ಮಿಂಚು ಡಾಕ್ಟರ ಕೈಕೆಳಗೆ ಕಲಿತವರು ನಲವತ್ತು ಮಂದಿ ಇದ್ದರು. ಅವರಲ್ಲಿ ಹೀಗೆ ಮೂಗು ಕೆಂಪಾಗುವಂತೆ ಅಳುವವರು ಯಾರೆಂದು ಅವರು ಒಬ್ಬೊಬ್ಬರನ್ನೇ ನೆನೆದರು. ಯಾರ ಮುಖವೂ ನಿಲ್ಲಲಿಲ್ಲ.

ಹಾರ ಇಟ್ಟು, ಬೆಂಚಿನ ಮೇಲೆ ಕೂತಿದ್ದ ಗೆಳೆಯನ ಹೆಂಡತಿಯ ಪಕ್ಕ ಕೂತರು.

“ಹೇಗಾಯ್ತು ಅತ್ತಿಗೆ?”

“ಗುರುವಾರದ ಪಟ್ಟಿ ಮುಗಿಸಿ ಬಟ್ಟೆ ಬದಲಾಯಿಸೋಕೆ ಹೋಗಿದಾರೆ. ಶೂ ಬಿಚ್ಚೋಕೆ ಬಗ್ಗಿದವರು ಹಾಗೇ...” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಬೇಡ ಅಂದ್ರೆ ಕೇಳ್ತಿರಲಿಲ್ಲ. ಬೆನ್ನು ನೋವು, ಎದೆ ನೋವು. ಆದ್ರೂ ಅವಳು ಪ್ರಯೋಗಾಲಯದಲ್ಲಿ ಕೂರ್ಲಿ ಅಂತ ಮಂಗಳವಾರ, ಗುರುವಾರ ಅವಳು ಮಾಡ್ಬೇಕಾದ ಆಪರೇಷನ್ನೆಲ್ಲ ಇವರೇ ಮಾಡ್ತಿದ್ರು.”

“ನಾಲ್ಕು ವರ್ಷಾನೂ?”

“ನಾಲ್ಕು ವರ್ಷಾನೂ. ಅವಳಿಗೆ ನಿಧಿ ಸಿಗಲಿಲ್ವಲ್ಲ.”

ಮಿಂಚು ಡಾಕ್ಟರು ಔಷಧದ ಕಿಟಕಿಯ ಕಡೆ ನೋಡಿದರು.

*

ನಾಲ್ಕು ವರ್ಷದ ಹಿಂದೆ ಆಯ್ಕೆ ಸಮಿತಿಯಲ್ಲಿ ಅವರಿದ್ದರು. ಹುಡುಗಿಯ ಅರ್ಜಿ ಓದಿದೊಡನೆ ತಿಳಿಯಿತು: ಅದೇ ಪ್ರಶ್ನೆ. ಹೊಲಿದ ನಾಳ ಯಾಕೆ ಮುಚ್ಚಿಕೊಳ್ಳುತ್ತದೆ? ಆದರೆ ಈ ಸಲ ಪ್ರಶ್ನೆ ಬರಿಗೈಲಿ ಬಂದಿರಲಿಲ್ಲ. ಗೆಳೆಯ ಇಪ್ಪತ್ತಾರು ವರ್ಷ ಆಪರೇಷನ್ನುಗಳಲ್ಲಿ ಮಿಕ್ಕ ನಾಳದ ತುಂಡುಗಳನ್ನು ರೋಗಿಗಳ ಒಪ್ಪಿಗೆ ಪಡೆದು ಕಾಪಿಟ್ಟಿದ್ದ. ಅವುಗಳ ಗೋಡೆ ಎಲ್ಲಿ ದಪ್ಪವಾಗತೊಡಗುತ್ತದೆಂದು ಹುಡುಗಿ ಪದರ ಪದರವಾಗಿ ನೋಡಲು ಹೊರಟಿದ್ದಳು. ಅರ್ಜಿ ಚೆನ್ನಾಗಿತ್ತು. ಚೆನ್ನಾಗಿದೆ ಎಂಬುದೇ ಅವರ ಹೊಟ್ಟೆಯಲ್ಲಿ ಕೆಂಡವಾಯಿತು. ಇವಳು ಗೆದ್ದರೆ ಅವನೂ ಗೆದ್ದ ಹಾಗೆ.

ಅವರು ಹತ್ತಕ್ಕೆ ನಾಲ್ಕು ಕೊಟ್ಟರು. ಕೆಳಗೆ ಒಂದು ಸಾಲು ಬರೆದರು: ‘ಇದು ಬರೀ ನಾಳೆಯ ಮಾತು.’ ಉಳಿದವರೆಲ್ಲ ಎಂಟರ ಮೇಲೆ ಕೊಟ್ಟಿದ್ದರು. ಒಂದು ಅಂಕದಲ್ಲಿ ಅವಳಿಗೆ ತಪ್ಪಿತು.

*

“ಅವರಿಗೆ ಗೊತ್ತಿತ್ತು,” ಎಂದರು ಆಕೆ, ತಮ್ಮ ಕಾಲಬೆರಳು ನೋಡುತ್ತ.

“ಏನು?”

“ಸಮಿತಿಯವರ ಅಭಿಪ್ರಾಯದ ಹಾಳೆಯನ್ನ ಅವಳು ಮನೆಗೆ ತಂದಿದ್ಳು. ಹೆಸರಿರಲಿಲ್ಲ. ಆ ಒಂದು ಮಾತು ಓದಿ ಇವರು ಜೋರಾಗಿ ನಕ್ಕುಬಿಟ್ರು. ಅವಳೆದುರು ಏನೂ ಹೇಳ್ಲಿಲ್ಲ. ಅವಳು ಹೋದ್ಮೇಲೆ ‘ನಮ್ಮ ಮಿಂಚುದೇ ಕಣೇ ಇದು’ ಅಂದ್ರು.”

ಮಿಂಚು ಡಾಕ್ಟರು ಆಕೆಯ ಕಡೆ ತಿರುಗಿದರು. “ಬೈದ್ನಾ?”

“ನಾನು ಬೈದೆ. ನಿಮ್ಮನ್ನ ಮನೆ ಮೆಟ್ಟಿಲು ಹತ್ತಿಸ್ಬಾರ್ದು ಅಂದೆ. ಅದಕ್ಕವರು, ‘ನಾನೂ ಅವನ ಹೊಲಿಗೆ ನೋಡಿ ದಿನಾ ಉರ್ಕೊಂಡೋನೇ ಕಣೇ. ನನಗೆ ಆ ಕೈ ಇದ್ದಿದ್ರೆ ಪ್ರಯೋಗಾಲಯಕ್ಕೆ ಹೋಗ್ತಾನೇ ಇರ್ಲಿಲ್ಲ’ ಅಂದ್ರು.” ಆಕೆ ಮೊದಲ ಸಲ ತಲೆಯೆತ್ತಿ ನೋಡಿದರು. “ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ. ಹೇಳ್ಬೇಕು ಅನ್ನಿಸ್ತು, ಹೇಳ್ದೆ.”

ಅವನಿಗೂ ಹೊಟ್ಟೆಕಿಚ್ಚಿತ್ತು! ಒಂದು ಗಳಿಗೆ ಮಿಂಚು ಡಾಕ್ಟರ ಎದೆ ಹಗುರಾಯಿತು. ಮರುಗಳಿಗೆಯೇ ಅದು ಮತ್ತೆ ಕುಸಿಯಿತು. ಉರಿದುಕೊಂಡೂ ಯಾರ ಕೈಯನ್ನೂ ಸುಡದೆ ಹೋಗಿದ್ದ ಅವನು. ಅದರಲ್ಲೂ ಅವನೇ ಮುಂದೆ.

ಎದ್ದು ಹುಡುಗಿಯ ಹತ್ತಿರ ಹೋದರು. ಏನು ಹೇಳಬೇಕೆಂದು ನಾಲ್ಕು ಹೆಜ್ಜೆಯಲ್ಲಿ ಜೋಡಿಸಿಕೊಂಡಿದ್ದರು.

“ಏನಮ್ಮಾ, ನಿನ್ನ ಕೆಲಸ ಇನ್ನೆಷ್ಟಿದೆ?”

“ಇನ್ನೊಂದು ವರ್ಷ ಸರ್. ಎಲ್ಲಿ ದಪ್ಪ ಆಗುತ್ತೆ ಅಂತ ಸಿಕ್ಕಿದೆ. ಯಾಕೆ ಅನ್ನೋದು ಬಾಕಿ.”

“ಹಾಗಾದ್ರೆ ಆ ಮಂಗಳವಾರ, ಗುರುವಾರ... ನಿನ್ನ ಬದಲು ನಾನು ನಿಲ್ತೀನಿ. ನೀನು ಪ್ರಯೋಗಾಲಯ ಬಿಡ್ಬೇಡ.”

ಅವಳು ಗಾಬರಿಯಿಂದ, ಆಮೇಲೆ ಕೃತಜ್ಞತೆಯಿಂದ ನೋಡಿದಳು. “ಅಯ್ಯೋ ಸರ್, ನಿಮಗ್ಯಾಕೆ ತೊಂದ್ರೆ? ಇವರೆಲ್ಲ ಆಗ್ಲೇ ಹಂಚ್ಕೊಂಡ್ಬಿಟ್ರು.” ಹಿಂದೆ ನಿಂತಿದ್ದ ಐದು ಜನ ಕಿರಿಯ ಸರ್ಜನ್ನರ ಕಡೆ ಕೈ ತೋರಿಸಿದಳು. ಅವರಲ್ಲಿ ಮೂವರು ಮಿಂಚು ಡಾಕ್ಟರ ಶಿಷ್ಯರೇ. “ವರ್ಷಪೂರ್ತಿಗೂ ಹಂಚಿ ಆಯ್ತು ಸರ್. ಒಂದು ದಿನಾನೂ ಖಾಲಿಯಿಲ್ಲ.”

“ಒಂದೂ?”

“ಒಂದೂ ಇಲ್ಲ ಸರ್.”

ಮಾಡಿದ್ದನ್ನು ಆಗಲಾದರೂ ಹೇಳಿಬಿಡಬಹುದಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ಶವದ ವಾಹನದ ಚಾಲಕ ಬಾಗಿಲಲ್ಲಿ ನಿಂತು, “ಎತ್ತೋಣ್ವಾ?” ಎಂದ.

ಪೆಟ್ಟಿಗೆಗೆ ಆರು ಹಿಡಿಗಳಿದ್ದವು. ಮುಂದಿನದನ್ನು ಹುಡುಗಿ ಹಿಡಿದಳು. ಉಳಿದ ಐದಕ್ಕೆ ಐವರು. ಮಿಂಚು ಡಾಕ್ಟರು ಆ ಕಡೆ ಬಂದರು, ಈ ಕಡೆ ಬಂದರು. ಯಾರೂ ಬಿಟ್ಟುಕೊಡಲಿಲ್ಲ, ಅವರು ಜಾಗ ಕೇಳುತ್ತಿದ್ದಾರೆಂದೂ ಯಾರಿಗೂ ತಿಳಿಯಲಿಲ್ಲ. ಪೆಟ್ಟಿಗೆ ಮೇಲೆದ್ದಿತು. ಅವರು ಮುಚ್ಚಳದ ಮೇಲೆ ಅಂಗೈ ಊರಿ, ಎಲ್ಲರೊಡನೆ ಹೆಜ್ಜೆ ಹಾಕುತ್ತ ಮೆಟ್ಟಿಲಿಳಿದರು. ದೂರದಿಂದ ನೋಡಿದವರಿಗೆ ಅವರೂ ಹೊತ್ತಂತೆಯೇ ಕಾಣುತ್ತಿತ್ತು.