ಎರಡನೇ ಬಟನ್ನು

ಬಿ.ಜಿ. ಕೆರೆಯ ಯರ್ರಮ್ಮನ ಬಾಯಿಗೆ ಹೆದರದವರು ಲೋಕದಲ್ಲಿ ಇಬ್ಬರೇ. ರಾಂಪುರಕ್ಕೆ ಕೊಟ್ಟ ಮಗಳು ಗೀತಮ್ಮ ಒಬ್ಬಳು, ಮನೆಗೆ ತಂದುಕೊಂಡ ಸೊಸೆ ಪ್ರೇಮಲತಾ ಇನ್ನೊಬ್ಬಳು. ಈ ಇಬ್ಬರೂ ಒಂದೇ ಜಗಲಿಯ ಮೇಲೆ ಕೂತ ದಿನ ಎಮ್ಮೆ ಕೂಡ ಹಾಲಿಗೆ ತೊರೆ ಬಿಡುವುದಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ನಾಲಿಗೆಯಲ್ಲಿ ಮೂವರೂ ಒಬ್ಬರಿಗಿಂತ ಒಬ್ಬರು ಮುಂದೆ. ಯರ್ರಮ್ಮನ ಮಗ ತಿಪ್ಪೇರುದ್ರ ಮಾತ್ರ, ಮನೆಯಲ್ಲಿ ಮಾತು ಏರಿತೆಂದರೆ ಟ್ರ್ಯಾಕ್ಟರ್ ಹತ್ತಿ ಹೊಲದ ಕಡೆ ಹೋಗಿಬಿಡುವ ಬುದ್ಧಿವಂತ.

ಆ ದಿನ ಗೀತಮ್ಮ ತವರಿಗೆ ಬಂದದ್ದು ಅವ್ವನಿಗೆ ಒಂದು ಫೋನು ಕೊಡಲು. ದಪ್ಪ ದಪ್ಪ ಅಂಕಿಯ, ಟಾರ್ಚ್ ಇರುವ, ಬಟನ್ ಒತ್ತುವ ಸಣ್ಣ ಫೋನು. ಗೀತಮ್ಮನ ಮಗಳು ಕಾವ್ಯಳಿಗೆ ಆಗ ಎಂಟು ತಿಂಗಳು ತುಂಬುತ್ತಿತ್ತು. ಯರ್ರಮ್ಮ ಊರಿನ ಕೂಸುಗಳಿಗೆ ನೀರೆರೆಯುವವಳು. ಮೂವತ್ತು ವರ್ಷದಿಂದ ಅವಳ ಕೈಯಲ್ಲಿ ನೀರು ಹಾಕಿಸಿಕೊಂಡು ಬೆಳೆದವರೇ ಈಗ ತಮ್ಮ ಕೂಸುಗಳನ್ನು ಅವಳ ಕೈಗೆ ತರುತ್ತಾರೆ. ಮೊಮ್ಮಗಳ ಕೂಸಿಗೆ ಮೊದಲ ನೀರು ತಾನೇ ಎರೆಯಬೇಕು, ತಾನು ಬರುವ ತನಕ ಬೇರೆ ಯಾರೂ ಚೊಂಬು ಮುಟ್ಟಕೂಡದು ಎಂದು ಯರ್ರಮ್ಮ ಕಾವ್ಯಳ ಮದುವೆಯ ದಿನವೇ ಎಲ್ಲರೆದುರು ಹೇಳಿಟ್ಟಿದ್ದಳು. ನೋವು ಕಾಣಿಸಿಕೊಂಡ ಗಳಿಗೆಯಲ್ಲಿ ಸುದ್ದಿ ಮುಟ್ಟಲಿ ಎಂದೇ ಈ ಫೋನು.

ಗೀತಮ್ಮ ಅವ್ವನ ಬೆರಳು ಹಿಡಿದು ಒತ್ತಿಸುತ್ತಾ ಕಲಿಸಿದಳು. "ನೋಡವ್ವ, ಮಾತು ಮುಗಿದ ಮ್ಯಾಲೆ ಈ ನಡುವಿನ ಬಟನ್ನು, ಆಮೇಲೆ ನಕ್ಷತ್ರದ ಬಟನ್ನು. ಲಾಕ್ ಆಗ್ತೈತೆ. ಇಲ್ದಿದ್ರೆ ಸೊಂಟದಾಗೆ ತಾನೇ ಒತ್ತಿಕೊಂಡು ಯಾರ್ಯಾರಿಗೋ ಹೋಗ್ತೈತೆ. ಬ್ಯಾಂಕಿನೋರು ಅಂತ ಯಾವನಾರ ಫೋನ್ ಮಾಡಿ, ಮೆಸೇಜಿನಾಗೆ ಬಂದ ನಂಬರ್ ಹೇಳಜ್ಜಿ ಅಂದ್ರೆ ಹೇಳಬ್ಯಾಡ. ಬೈದು ಇಟ್ಬಿಡು."

"ಬೈಯೋದನ್ನ ನೀನು ಕಲಿಸಬೇಕಾ ನನಗೆ?" ಎಂದಳು ಯರ್ರಮ್ಮ.

"ಚಾರ್ಜಿಗೆ ಹಾಕ್ಕೊಂಡು ಮಾತಾಡಬ್ಯಾಡ. ಎಲೆ ಅಡಿಕೆ ಸಂಚಿಯಾಗಂತೂ ಇಡಲೇಬ್ಯಾಡ."

ಯರ್ರಮ್ಮ ಎಲ್ಲಕ್ಕೂ ಹೂಂ ಎಂದಳು. ಹೂಂ ಅನ್ನುತ್ತಲೇ ಅದು ಸಂಚಿಯಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಅಳತೆ ನೋಡಿದಳು. ಅವಳ ಪ್ರಕಾರ ಬೆಲೆಬಾಳುವ ವಸ್ತುವಿಗೆ ಆ ಸಂಚಿ ಬಿಟ್ಟರೆ ಬೇರೆ ಜಾಗವಿಲ್ಲ.

"ಓದಕ್ಕೆ ಬರದ ನೀನು ನಂಬರ್ ಹುಡುಕ್ತಾ ಕೂರಬ್ಯಾಡ," ಎಂದು ಗೀತಮ್ಮ ಮುಂದುವರಿಸಿದಳು. "ಎರಡರ ಬಟನ್ನು ಒತ್ತಿ ಹಿಡ್ಕೊ, ನನಗೆ ಬರ್ತೈತೆ. ಮೂರು ಒತ್ತಿ ಹಿಡ್ಕೊ, ತಮ್ಮಂಗೆ ಹೋಗ್ತೈತೆ."

ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದ ಪ್ರೇಮಲತಾಳ ಮೊರ ನಿಂತಿತು. "ಒಂದು ಯಾರಿಗೆ ಅತ್ತಿಗಮ್ಮ?"

"ಒಂದು ಕಂಪನಿದು. ಅದನ್ನ ಬದಲಿಸೋಕೆ ಬರಲ್ಲ."

"ಅಂದ್ರೆ ನಮ್ಮ ಕೈಯಾಗಿರೋದ್ರಾಗೆ ಎರಡೇ ಮೊದಲ್ನೇದು. ಅದು ನಿಮಗೆ. ದಿನಾ ಮುದ್ದೆ ಬೇಯಿಸಿ ಹಾಕೋ ಮನೆ ಆಮ್ಯಾಕೆ."

"ಹೆರಿಗೆ ಇರೋದು ನಮ್ಮನ್ಯಾಗೆ ಕಣೆ ಪ್ರೇಮಾ."

"ಹೆರಿಗೆ ಒಂದಿನ ಅತ್ತಿಗಮ್ಮ. ಮುದ್ದೆ ವರ್ಷಪೂರ್ತಿ."

"ನಿನ್ನ ಮುದ್ದೆ ತಿಂದು ನಮ್ಮವ್ವ ಹೆಂಗಾಗ್ಯಾಳೆ ನೋಡು, ಮೂಳೆ ಚಕ್ಕಳ!"

ಆಮೇಲೆ ಆದದ್ದನ್ನು ಹೇಳಿ ಮುಗಿಸಲು ಸಾಧ್ಯವಿಲ್ಲ. ಮೊರದ ಅಕ್ಕಿ ಅಂಗಳಕ್ಕೆ ಚೆಲ್ಲಿತು, ಹಳೆಯ ಸೀರೆ, ಹಳೆಯ ಹಬ್ಬ, ಎಂದೋ ಬಡಿಸದೆ ಬಿಟ್ಟ ತುಪ್ಪ ಎಲ್ಲವೂ ಹೊರಬಂದವು. ಪಕ್ಕದ ಗೋಡೆಯ ಮೇಲೆ ನಾಲ್ಕು ತಲೆ ಕಾಣಿಸಿಕೊಂಡವು. ಯರ್ರಮ್ಮನಿಗೆ ಒಳಗೊಳಗೆ ಮಗಳ ಮಾತೇ ಸರಿ ಎನ್ನಿಸಿತ್ತು. ಆದರೆ ರಾತ್ರಿ ಮಲಗಬೇಕಾದದ್ದು ಈ ಸೂರಿನ ಕೆಳಗೆ, ಮಗನ ಮನೆಯ ಮರ್ಯಾದೆ ಹೋಗುತ್ತಿದ್ದದ್ದು ಗೋಡೆಯ ಮೇಲಿನ ಆ ನಾಲ್ಕು ತಲೆಗಳ ಮುಂದೆ. ಅವಳು ಎದ್ದು ನಿಂತು ಹಿಡಿ ಮಣ್ಣು ತೆಗೆದು ಮಗಳ ಕಾಲ ಮುಂದೆ ತೂರಿದಳು.

"ನಿನ್ನ ಬಾಯಿಗೆ ಮಣ್ಣು ಬೀಳ! ಉಣ್ಣೋ ಅನ್ನಕ್ಕೆ ಹೆಸರಿಡೋಕೆ ಬಂದ್ಯಾ? ನಿನ್ನ ದನಿ ಇನ್ಮ್ಯಾಲೆ ನನ್ನ ಕಿವಿಗೆ ಬೀಳಬಾರದು. ಪ್ರೇಮಾ, ಇವಳ ಫೋನು ನನಗೆ ಬರದಂಗೆ ಮಾಡು!"

ಗೀತಮ್ಮ ನೀರು ಕೂಡ ಕುಡಿಯದೆ ಚೀಲ ಎತ್ತಿಕೊಂಡಳು. "ತಮ್ಮನ ಫೋನಿಗೆ ನಾನು ಸತ್ರೂ ಮಾಡಲ್ಲ," ಎಂದಳು. "ಹೊತ್ತು ಬಂದಾಗ ನಿನಗೇ ಮಾಡ್ತೀನಿ. ಎತ್ತಿದ್ರೆ ಎತ್ತು, ಬಿಟ್ರೆ ಬಿಡು."

ಮರುದಿನ ಬೆಳಿಗ್ಗೆ ಪ್ರೇಮಲತಾ ಅತ್ತೆಯ ಮುಂದೆ ಬಂದು ಕೈ ಚಾಚಿದಳು. "ಅತ್ತಿಗಮ್ಮನ ಫೋನು ಬರದಂಗೆ ಮಾಡು ಅಂದ್ರಲ್ಲ ಅತ್ತೆ, ಮಾಡ್ಲಾ?"

ಯರ್ರಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು. ಬೇಡ ಅಂದರೆ ಸೊಸೆಯ ಮುಂದೆ ಮಾತು ನುಂಗಿದಂತಾಗುತ್ತದೆ. ಅಲ್ಲದೆ ಅಂಗೈ ಅಗಲದ ಆ ಪ್ಲಾಸ್ಟಿಕ್ ತುಂಡಿಗೆ ಮಗಳು ಯಾರು, ಮಾರಿ ಯಾರು ಎಂದು ಹೇಗೆ ಗೊತ್ತಾದೀತು? ಫೋನು ಎಂದ ಮೇಲೆ ಬಡಿದುಕೊಳ್ಳುತ್ತದೆ, ಅಷ್ಟೇ. "ಒಂದ್ಸಲ ಹೇಳಿದ್ದನ್ನ ಎರಡ್ಸಲ ಹೇಳಬೇಕಾ?" ಎಂದು ಫೋನು ಎಸೆದಂತೆ ಕೊಟ್ಟಳು. ಪ್ರೇಮಲತಾ ಗೀತಮ್ಮನ ನಂಬರಿಗೆ ತಡೆ ಹಾಕಿದಳು. ಹಾಕಿದವಳು ಅಷ್ಟಕ್ಕೇ ಬಿಡದೆ, ಎರಡನೇ ಬಟನ್ನಿಗೆ ತನ್ನ ಗಂಡನ ನಂಬರನ್ನು ತಂದು ಕೂರಿಸಿದಳು.

ಈ ಸೀಮೆಯಲ್ಲಿ ಜಗಳದ ಮಾತಿಗೆ ಮೂರು ದಿನದ ಆಯುಸ್ಸು. ನಿನ್ನ ಮುಖ ನೋಡಲ್ಲ, ನಿನ್ನ ಹೆಣಕ್ಕೂ ಬರಲ್ಲ ಎಂದವರು ನಾಲ್ಕನೇ ದಿನ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಆದರೆ ಅದಕ್ಕೊಂದು ಕಟ್ಟಳೆಯಿದೆ. ಕಿರಿಯರು ಮೊದಲು ಬಾಯಿ ಬಿಡಬೇಕು, "ಉಂಡ್ಯಾ ಅವ್ವ?" ಎನ್ನಬೇಕು. ಹೆತ್ತವಳು ತಾನಾಗಿ ಸೋತು ಮಾತಾಡಿಸುವುದುಂಟೇ? ಯರ್ರಮ್ಮ ನಾಲ್ಕನೇ ದಿನ ಕಾದಳು, ಎಂಟನೇ ದಿನ ಕಾದಳು. ಅವಳ ಸೊಂಟದ ಸಂಚಿಯಲ್ಲಿ ಫೋನು ಗಪ್ಪನೆ ಬಿದ್ದಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಹೇಳತೊಡಗಿದಳು: "ನನ್ನ ಮಗಳ ಎದೆ ಗುಂಡುಕಲ್ಲು ಕಣ್ರವ್ವ. ಹೆತ್ತ ಹೊಟ್ಟೆ ಮ್ಯಾಲೆ ಹಟ ಸಾಧಿಸ್ತಾಳೆ."

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮನಸ್ಸು ಸಡಿಲಿತು. ಎರಡನೇ ಬಟನ್ನು ಒತ್ತಿ ಹಿಡಿದಳು. "ಏನವ್ವ?" ಎಂದ ದನಿ ತಿಪ್ಪೇರುದ್ರನದು, ಹೊಲದಿಂದ. "ಏನಿಲ್ಲ, ಉಣ್ಣಕ್ಕೆ ಬಾ," ಎಂದು ಸಿಡುಕಿ ಇಟ್ಟಳು. ಬೆರಳು ತಪ್ಪಿರಬೇಕು ಎಂದುಕೊಂಡಳು. ಸೋಲಬೇಡ ಎಂದು ದೇವರೇ ಬೆರಳು ತಪ್ಪಿಸಿದ ಎಂದೂ ಅನ್ನಿಸಿ, ಮತ್ತೆ ಒತ್ತಲಿಲ್ಲ.

ದಿನ ತುಂಬಿದವು. ಯರ್ರಮ್ಮ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು. ಹೆರಿಗೆ ಆಗಿರಬೇಕು, ಆಗಿಯೂ ಹೇಳಿಲ್ಲ, ಬೇರೆ ಯಾವಳದೋ ಕೈಯಲ್ಲಿ ನೀರೆರೆಸಿದ್ದಾರೆ. ಈ ಯೋಚನೆ ಬಂದಾಗೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ಫೋನೂ ಚಾರ್ಜು ಹಿಡಿಯದಾಯಿತು. ಸೊಸೆಯನ್ನು ಕೇಳಲು ಬಿಗುಮಾನ. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿ ಚಳ್ಳಕೆರೆಗೆ ಹೋದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಓಂಕಾರಮೂರ್ತಿ ಎಂಬಾತ ಫೋನು ರಿಪೇರಿ ಮಾಡುತ್ತಿದ್ದ. ಆತ ಫೋನಿನ ಬುಡವನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. "ಅಜ್ಜಿ, ಚಾರ್ಜರ್ ಹಾಕೋ ತೂತಿನ ತುಂಬಾ ಸುಣ್ಣ ಐತಲ್ಲ! ಇದಕ್ಕೂ ಎಲೆ ಹಾಕಿಸ್ತಿದ್ರಾ?"

"ನಿನ್ನ ಕೆಲಸ ನೋಡು," ಎಂದಳು ಯರ್ರಮ್ಮ.

ಆತ ಸೂಜಿಯಲ್ಲಿ ಕೆರೆದ, ಬ್ರಷ್ಷಿನಲ್ಲಿ ಉಜ್ಜಿದ, ಚಾರ್ಜಿಗೆ ಹಾಕಿ ಶುರು ಮಾಡಿದ. ಎಲ್ಲ ಸರಿಯಿದೆಯೇ ಎಂದು ಒಂದೊಂದೇ ಒತ್ತಿ ನೋಡುತ್ತಿದ್ದವನು ಹುಬ್ಬು ಗಂಟಿಕ್ಕಿದ.

"ಅಜ್ಜಿ, ಒಂದು ನಂಬರಿಗೆ ತಡೆ ಹಾಕಿಸೀರಲ್ಲ, ಯಾರಾರ ಕಾಟ ಕೊಡ್ತಿದ್ರಾ? ಅದರಿಂದ ಐವತ್ತೇಳು ಸಲ ಫೋನ್ ಬಂದೈತೆ. ಗೀತಾ ಅಂತ ಹೆಸರೈತೆ."

ಯರ್ರಮ್ಮ ಫೋನಿನತ್ತ ಬಗ್ಗಿದಳು. "ಯಾವತ್ತು ಬಂದೈತೆ?"

"ಶುರುವಿನಾಗೆ ದಿನಕ್ಕೆ ಒಂದೆರಡು ಸಲ. ಹೋದ ವಾರ ಮಂಗಳವಾರ ಒಂದೇ ದಿನ ಹನ್ನೊಂದು ಸಲ. ಅಲ್ಲಿಂದೀಚೆಗೆ ಒಂದೂ ಇಲ್ಲ."

ಆ ಮಂಗಳವಾರ ಅವಳು ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ಮಗಳನ್ನು ಬೈಯುತ್ತಿದ್ದಳು. ಫೋನು ಸೊಂಟದಲ್ಲೇ ಇತ್ತು.

"ತಡೆ ಹಾಕಿದ್ರೆ, ಫೋನ್ ಮಾಡಿದೋರಿಗೆ ಏನು ಕೇಳಿಸ್ತೈತಪ್ಪ?"

"ಬಿಜಿ ಅಂತ ಬರ್ತೈತೆ. ನೀವು ಬ್ಯಾರೆ ಯಾರ ಜತೆಗೋ ಮಾತಾಡ್ತಿದೀರಿ ಅಂತ."

ಆತ ತಡೆ ತೆಗೆದ. ಯರ್ರಮ್ಮನ ಮುಖ ನೋಡಿ, ಕೇಳುವ ಮೊದಲೇ ಆ ನಂಬರಿಗೆ ಫೋನು ಹಚ್ಚಿ ಅವಳ ಕಿವಿಗೆ ಕೊಟ್ಟ. ಎರಡು ಸಲ ರಿಂಗಾಗಿ ಆ ಕಡೆಯಿಂದ ಕಟ್ಟಾಯಿತು. ಇನ್ನೊಮ್ಮೆ ಮಾಡಿದ, ಮತ್ತೆ ಕಟ್ಟಾಯಿತು. ಮೂರನೇ ಸಲ ಸ್ವಿಚ್ ಆಫ್ ಎಂದು ಬಂತು. "ಇನ್ಮೇಲೆ ಫೋನು ಬ್ಯಾರೆಯೋರ ಕೈಗೆ ಕೊಡಬ್ಯಾಡಿ ಅಜ್ಜಿ, ನಾಲ್ಕಂಕಿ ಕೋಡ್ ಹಾಕ್ಕೊಡ್ತೀನಿ," ಎಂದು ಆತ ಹೇಳುತ್ತಿದ್ದುದು ಅವಳಿಗೆ ಕೇಳಿಸಲಿಲ್ಲ. ಫೋನು ಕಿತ್ತುಕೊಂಡು ಬಳ್ಳಾರಿ ಕಡೆಯ ಬಸ್ಸಿಗೆ ಓಡಿದಳು.

"ಎಕ್ಕಡಿಕಿ ಅವ್ವಾ?" ಎಂದು ಎಲ್ಲಿಗೆಂಬುದನ್ನು ತೆಲುಗಿನಲ್ಲಿ ಕೇಳಿದ ಕಂಡಕ್ಟರ್. "ರಾಂಪುರ," ಎಂದು ಆಧಾರ್ ಕಾರ್ಡು ಚಾಚಿದಳು. ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಿತು. ಕಿಟಕಿಯಿಂದ ತನ್ನ ಓಣಿಯ ತಿರುವು ಕಾಣುತ್ತಿತ್ತು. ಇಳಿಯಲಿಲ್ಲ. ಉದ್ದಕ್ಕೂ ಸೊಸೆಗೆ ಬೈಗುಳ ಜೋಡಿಸುತ್ತಾ ಹೋದಳು. ಮನೆಮುರುಕಿ, ನಯವಂಚಕಿ, ಅವಳಪ್ಪನ ಮನೆಯಲ್ಲಿ ಅವಳಿಗೂ ಹೀಗೇ ಆಗಲಿ. ರಾಂಪುರ ಬರುವ ಹೊತ್ತಿಗೆ ತಪ್ಪೆಲ್ಲ ಪ್ರೇಮಲತಾಳದೇ ಎಂಬುದು ಅವಳಿಗೆ ಗಟ್ಟಿಯಾಗಿತ್ತು. ಮಗಳ ಮುಂದೆ ಏನು ಹೇಳಬೇಕೆಂಬುದು ಬಾಯಿಪಾಠವಾಗಿತ್ತು.

ಗೀತಮ್ಮನ ಮನೆಯ ಬಚ್ಚಲಿಂದ ಆಗಷ್ಟೇ ಒಬ್ಬ ಹೆಂಗಸು ಕೈ ಒರೆಸಿಕೊಳ್ಳುತ್ತಾ ಹೊರಬಂದಳು. ಆ ಊರಲ್ಲಿ ಕೂಸುಗಳಿಗೆ ನೀರೆರೆಯುವ ಪಾತಮ್ಮ. ಒಳಗಿಂದ ಸಾಂಬ್ರಾಣಿಯ ಹೊಗೆ ಬರುತ್ತಿತ್ತು. ನೀರೆರೆದು ಕೂಸಿಗೆ ಹೊಗೆ ಹಾಕಿದ್ದಾರೆ ಎಂದು ಯರ್ರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಪಾತಮ್ಮನ ಒದ್ದೆ ಕೈಯನ್ನೇ ನೋಡುತ್ತಾ ಅವಳು ಅಂಗಳದಲ್ಲೇ ನಿಂತಳು.

ಗೀತಮ್ಮ ಬಾಗಿಲಿಗೆ ಬಂದು ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಳು. "ಯಾಕ್ ಬಂದೆ?"

"ಫೋನಿಗೆ ತಡೆ ಹಾಕಿದ್ರಂತೆ ಕಣೆ! ನನಗೆ ಗೊತ್ತೇ ಇರ್ಲಿಲ್ಲ. ಇವತ್ತು ಚಳ್ಳಕೆರೇಲಿ ತಿಳೀತು."

"ಕಾವ್ಯಂಗೆ ಹೆರಿಗೆ ಆದ ಮ್ಯಾಲೆ ರಕ್ತ ನಿಲ್ಲಲಿಲ್ಲ," ಎಂದಳು ಗೀತಮ್ಮ. ದನಿ ಏರಿರಲಿಲ್ಲ, ಅದೇ ಭಯವಾಗುವಂತಿತ್ತು. "ಆಸ್ಪತ್ರೆ ಬಾಗಿಲಾಗೆ ಒಬ್ಬಳೇ ನಿಂತಿದ್ದೆ. ನನಗೂ ಒಬ್ಬಳು ಅವ್ವ ಇದಾಳೆ ಅಂತ ಹನ್ನೊಂದು ಸಲ ಮಾಡಿದೆ. ಹನ್ನೊಂದು ಸಲವೂ ನನ್ನವ್ವ ಬ್ಯಾರೆ ಯಾರ ಜತೆಗೋ ಮಾತಾಡ್ತಿದ್ಲು."

"ಅವಳು, ಆ ಪ್ರೇಮ..."

"ತಡಿ. ಜಗಳದಾಗೆ ನೀನು ಅಂದಿದ್ದನ್ನ ನಾನೂ ಕೇಳಿದೆ. ಅದನ್ನ ಮನಸಿಗೆ ಹಚ್ಕೊಳ್ಳಲಿಲ್ಲ. ಜಗಳದಾಗೆ ಯಾರು ಏನು ಅನ್ನಲ್ಲ? ಅದಕ್ಕೇ ದಿನಾ ಫೋನ್ ಮಾಡಿದೆ. ಒಂದು ಮಾತು ಹೇಳು. ಜಗಳ ಮುಗಿದ ಮ್ಯಾಲೆ ಅವಳೇ ಆ ಕೆಲಸ ಮಾಡಿದ್ಲಾ, ನೀನು ಮಾಡು ಅಂದ್ಯಾ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಬಸ್ಸಿನಲ್ಲಿ ಅದನ್ನು ತಾನೇ ನಂಬಿಕೊಂಡು ಬಂದಿದ್ದಳು. ಪ್ರೇಮಲತಾ ಇಲ್ಲಿಗೆ ಬಂದು ಸಾಕ್ಷಿ ಹೇಳುವುದಿಲ್ಲ. ಒಂದೇ ಮಾತು ಅಂದರೆ ಬಾಗಿಲಿನ ಆ ಎರಡು ಕೈ ಇಳಿಯುತ್ತವೆ. ಯರ್ರಮ್ಮ ಜಗಳಗಂಟಿ, ಹಟಮಾರಿ, ಆದರೆ ಮಗಳ ಮುಖ ನೋಡಿಕೊಂಡು ಆ ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

"ಅವಳು ಮಾಡ್ಲಾ ಅಂತ ಕೇಳಿದ್ಲು," ಎಂದಳು. "ಬೆಳಿಗ್ಗೆ ಎದ್ದ ಮ್ಯಾಲೂ ಮಾಡು ಅಂದಿದ್ದು ನಾನೇ."

ಗೀತಮ್ಮ ಒಳಗೆ ಹೋದಳು. ಒಂದು ಚೊಂಬು ನೀರು ತಂದು, ಕೈಗೆ ಕೊಡದೆ, ಜಗಲಿಯ ಮೇಲೆ ಇಟ್ಟಳು. "ಕುಡಿ. ಐದು ಗಂಟೆಗೆ ಬಸ್ಸೈತೆ."

ಯರ್ರಮ್ಮ ಜಗಲಿಯ ಅಂಚಿಗೆ ಕೂತಳು. "ಗಂಡೋ ಹೆಣ್ಣೋ, ಅಷ್ಟನ್ನಾರ ಹೇಳೆ."

ಗೀತಮ್ಮ ಬೀದಿಯ ಕಡೆ ನೋಡುತ್ತಾ ನಿಂತಳು.

"ಹೆಣ್ಣು," ಎಂದಳು. "ನಾಡಿದ್ದು ತೊಟ್ಟಿಲಿಗೆ ಹಾಕ್ತೀವಿ. ನಿನ್ನ ಹೆಸರೇ ಇಡಾನ ಅಂತ ಕಾವ್ಯ ಆಸ್ಪತ್ರೆಯಿಂದ ಮನೆಗೆ ಬಂದಾಗ್ಲಿಂದ ಹಟ ಹಿಡಿದಿದ್ಲು. ನಾನು ಬ್ಯಾಡ ಅಂದೆ."

ಯಾರ ಮಾತಿಗೂ ಸೋಲದ ಯರ್ರಮ್ಮ ಚೊಂಬು ಎತ್ತಿ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಸರಿಯಾಗೇ ಅಂದೀಯ ಬಿಡು," ಎಂದಳು.

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಯರ್ರಮ್ಮ ಎದ್ದು ಹೊರಟಳು. ಕೂರು ಎಂದು ಯಾರೂ ಅನ್ನಲಿಲ್ಲ.