ಪರದೆಯ ಮೇಲಿನ ದುಂಡು ಅಲೆ

ಹಿರಿಯ ಮೆಕ್ಯಾನಿಕ್‌ಗೆ ಕಿವಿ ಕೈಕೊಟ್ಟು ಒಂದು ವರ್ಷವಾಗಿತ್ತು. ಆಂಪ್ಲಿಫೈಯರ್ ರಿಪೇರಿ ಮಾಡುವವನಿಗೆ ಇದಕ್ಕಿಂತ ಹಾಳು ಹಣೆಬರಹ ಬೇಕೆ? ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಅವನು ಬಾಯಿ ಬಿಟ್ಟಿರಲಿಲ್ಲ. ಗೊತ್ತಿದ್ದದ್ದು ಹೆಂಡತಿಗೆ, ಮತ್ತು ಅವನ ಕೈಕೆಳಗೇ ಕೆಲಸ ಕಲಿತ ಬಾಮೈದನಿಗೆ. ಜನರ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಯಂತ್ರಗಳಿಗೆ ಆಸಿಲೋಸ್ಕೋಪ್ ಇತ್ತು. ಅದರ ತಂತಿಯನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸಾಕು, ಸದ್ದು ಪುಟ್ಟ ಪರದೆಯ ಮೇಲೆ ಹಸಿರು ಅಲೆಯಾಗಿ ಏಳುತ್ತಿತ್ತು. ಅಲೆ ದುಂಡಗಿದ್ದರೆ ಸದ್ದು ಶುದ್ಧ. ಅದರ ತಲೆ ಚಪ್ಪಟೆಯಾಗಿದ್ದರೆ ಒಳಗೇನೋ ಕೆಟ್ಟಿದೆ. ಕಿವಿ ನೆಟ್ಟಗಿದ್ದವರು ಎಡವಿದ ಕಡೆಯೂ ಅವನು ಎಡವಿರಲಿಲ್ಲ.

ಅಂದು ಬೆಳಿಗ್ಗೆ ಸಭಾಂಗಣದ ಮ್ಯಾನೇಜರ್ ತಮ್ಮ ಆಂಪ್ಲಿಫೈಯರ್ ಒಯ್ಯಲು ಬಂದಾಗ ಮಾಲೀಕರೂ ಜೊತೆಗಿದ್ದರು. ಬಾಮೈದ ಸ್ಪೀಕರ್, ಆಸಿಲೋಸ್ಕೋಪ್ ಎಲ್ಲ ಜೋಡಿಸಿಟ್ಟು ಪಕ್ಕಕ್ಕೆ ಸರಿದು ನಿಂತ. ಹಿರಿಯ ಮೆಕ್ಯಾನಿಕ್ ಗುಂಡಿ ತಿರುಗಿಸಿದ. ಅಲೆ ದುಂಡಗೆ, ಅಂದವಾಗಿ ಎದ್ದಿತು.

“ನೋಡಿ ಸಾರ್, ಒಂದಿಷ್ಟೂ ಕರಕರ ಇಲ್ಲ,” ಎಂದ ಹೆಮ್ಮೆಯಿಂದ.

ತಿರುಗಿ ನೋಡಿದರೆ ಮ್ಯಾನೇಜರ್ ಎರಡೂ ಕಿವಿ ಮುಚ್ಚಿಕೊಂಡಿದ್ದರು. ಮಾಲೀಕರು ಸ್ಪೀಕರನ್ನೇ ದಿಟ್ಟಿಸುತ್ತಿದ್ದರು. ಅವನು ಬಗ್ಗಿ ನೋಡಿದ. ಸ್ಪೀಕರಿನ ಕಾಗದ ಉದ್ದಕ್ಕೂ ಹರಿದು ಅದುರುತ್ತಿತ್ತು. ಪರದೆ ತೋರಿಸುವುದು ಆಂಪ್ಲಿಫೈಯರ್ ಕಳಿಸಿದ್ದನ್ನು ಮಾತ್ರ. ಹರಿದ ಸ್ಪೀಕರ್ ಅದನ್ನು ಏನು ಮಾಡಿತೆಂಬುದನ್ನು ಕಿವಿಯೇ ಹೇಳಬೇಕು. ಬಾಮೈದನಿಗೆ ಮೊದಲ ದಿನ ಕಲಿಸಿದ ಪಾಠವೇ ಇದು. ಒಳ್ಳೆಯ ಶಿಷ್ಯ, ಮರೆತಿರಲಿಲ್ಲ.

“ಎಷ್ಟು ದಿನದಿಂದ ಇವನ ಕಿವಿ ಹೀಗೆ?” ಮಾಲೀಕರು ಕೇಳಿದ್ದು ಬಾಮೈದನನ್ನು.

“ಒಂದು ವರ್ಷ ಆಯ್ತು ಸಾರ್. ಭಾವ ಅಂತ ಸುಮ್ನಿದ್ದೆ.”

ಅಷ್ಟೂ ತುಟಿಗಳ ಮೇಲೆ ಸ್ಪಷ್ಟವಾಗಿ ಕಂಡಿತು. ನಾಳೆಯಿಂದ ಬರುವುದು ಬೇಡ ಎಂದು ಮಾಲೀಕರು ಹೇಳಿದ್ದೂ ಕಂಡಿತು. ಅವನ ಕುರ್ಚಿ ಬಾಮೈದನ ಪಾಲಾಯಿತು.

ಮನೆಗೆ ಬಂದವನೇ ಹೆಂಡತಿಯ ಮುಂದೆ ಕೂಗಾಡಿದ. “ನಿನ್ನ ತಮ್ಮ ಬೇಕಂತಲೇ ಹರಿದ ಸ್ಪೀಕರ್ ಜೋಡಿಸಿದಾನೆ ಕಣೇ. ಉಂಡ ಮನೆಗೆ ದ್ರೋಹ ಬಗೆದ.”

ಅವಳು ಒಂದು ವರ್ಷದಿಂದ ಮಾಡುತ್ತಿದ್ದಂತೆ ಅವನಿಗೆ ಮುಖ ಕೊಟ್ಟು, ನಿಧಾನವಾಗಿ ಹೇಳಿದಳು. “ನಾನೇ ಹಾಗೆ ಮಾಡು ಅಂದೆ. ಇವತ್ತಲ್ಲ ನಾಳೆ ಗೊತ್ತಾಗೋದೇ. ಹೊರಗಿನವನು ಯಾರೋ ಬಂದು ಕೂರೋ ಬದಲು ನನ್ನ ತಮ್ಮನೇ ಕೂರ್ಲಿ ಅಂತ.”

ಅವನ ಸಿಟ್ಟೆಲ್ಲ ಇಳಿದುಹೋಯಿತು.

“ಒಂದು ಮಾತು ನನ್ನ ಕೇಳಬಾರದಿತ್ತಾ?”

ಅವಳು ಒಲೆಯ ಕಡೆ ತಿರುಗಿಕೊಂಡು, ಬೆನ್ನು ಕೊಟ್ಟೇ ಉತ್ತರ ಹೇಳಿ ಮುಗಿಸಿದಳು. ದವಡೆ ಅಲುಗಿದ್ದು ಮಾತ್ರ ಅವನಿಗೆ ಕಂಡಿತು. ಹೀಗೆ ತಿರುಗಿದರೆ ಅವನಿಗೆ ಏನೂ ತಿಳಿಯದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.